ಕನ್ನಡ ಬಾರದ ಅಧ್ಯಾಪಕರು ಬಂದರೆ ಕೋರ್ಟು ಏನು ಮಾಡೀತು?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕು. ಮಗಳು ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಆರನೇ ತರಗತಿ. ಈ ವರ್ಷ ಗಣಿತಕ್ಕೆ ಹೊಸ ಅಧ್ಯಾಪಕರು ಬಂದಿದ್ದಾರೆ. ಒಳ್ಳೆಯ ಮನುಷ್ಯ, ಆದರೆ ಕನ್ನಡ ಓದಲೂ ಬರೆಯಲೂ ಬರುವುದಿಲ್ಲ. ಮಲಯಾಳದಲ್ಲಿ ಹೇಳಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮಗಳು ಭಿನ್ನರಾಶಿಯ ಲೆಕ್ಕ ಮಾಡುವುದನ್ನೇ ಬಿಟ್ಟಿದ್ದಾಳೆ. ಪಿಟಿಎಯವರು (ಹೆತ್ತವರ ಮತ್ತು ಅಧ್ಯಾಪಕರ ಸಂಘದವರು) ಸೇರಿ ಆಫೀಸಿಗೆ ಹೋದಾಗ, 'ನಿಮ್ಮ ಮನೆಮಾತು ತುಳು ಅಲ್ಲವೇ? ಕನ್ನಡವೇ ಬೇಕೆಂದು ಯಾಕೆ ಹಟ?' ಎಂದು ಕೇಳಿದರು. ಮಾತೃಭಾಷೆಯಲ್ಲಿ ಕಲಿಯುವುದು ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿದೆ ಎನ್ನುತ್ತಾರೆ ಒಬ್ಬರು. ಮಾತೃಭಾಷೆ ಕಡ್ಡಾಯ ಮಾಡಬಾರದು ಎಂದು ಅದೇ ಕೋರ್ಟು ಹೇಳಿದೆ ಎನ್ನುತ್ತಾರೆ ಇನ್ನೊಬ್ಬರು. ಯಾವುದು ನಿಜ? ಕೋರ್ಟಿಗೆ ಹೋದರೆ ಕನ್ನಡ ಬಲ್ಲ ಅಧ್ಯಾಪಕರು ಸಿಗುತ್ತಾರಾ?

ಉತ್ತರ: ನಿಮ್ಮ ನೆರೆಯವರು ಯಾರೂ ಸುಳ್ಳು ಹೇಳಿಲ್ಲ, ಅರ್ಧರ್ಧ ಹೇಳಿದ್ದಾರೆ. ಮೊದಲು ಆಫೀಸಿನವರ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಅದು ಸುಲಭ. ನಿಮ್ಮ ಪತ್ರ ಓದುವಾಗ ನನಗೆ ಸಿಟ್ಟು ಬಂದದ್ದೂ ಅಲ್ಲಿಯೇ.

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕರ್ನಾಟಕದ ಭಾಷಾ ನೀತಿಯ ಬಗ್ಗೆ ತೀರ್ಪು ಕೊಟ್ಟಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕು ಎಂದು ಕರ್ನಾಟಕ ಸರಕಾರ 1994ರಲ್ಲಿ ಹೊರಡಿಸಿದ ಆದೇಶ ಅಲ್ಲಿ ಬಿದ್ದುಹೋಯಿತು. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆ ಈಚೆ ಎರಡೂ ಕಡೆ ಕನ್ನಡಿಗರು ಆ ತೀರ್ಪನ್ನು ಬೈದರು. ನಾನೂ ಬೈದೆ. ಆಮೇಲೆ ಪೂರ್ತಿ ಓದಿದೆ. ಕರ್ನಾಟಕದ ಹೊರಗೆ ಉಳಿದ ನಮ್ಮಂಥವರಿಗೆ ಅದರೊಳಗೆ ಒಂದು ಆಸ್ತಿ ಇದೆ. ಸಂವಿಧಾನದಲ್ಲಿ 'ಮಾತೃಭಾಷೆ' ಎಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ. ಮಗುವಿನ ಮಾತೃಭಾಷೆ ಯಾವುದು ಎಂದು ತೀರ್ಮಾನಿಸುವವರು ಹೆತ್ತವರು ಅಥವಾ ಪೋಷಕರು, ಸರಕಾರ ಅಲ್ಲ ಎಂದು ಪೀಠ ಹೇಳಿತು. ಕಾಸರಗೋಡಿನಲ್ಲಿ ಈ ಮಾತಿಗೆ ಇರುವ ಬೆಲೆ ಬೆಂಗಳೂರಿನಲ್ಲಿ ಇಲ್ಲ. ಇಲ್ಲಿ ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಹವಿಗನ್ನಡ ಮನೆಮಾತಿನ ಮಕ್ಕಳು ಕೂತು ಕನ್ನಡದಲ್ಲಿ ಕಲಿಯುತ್ತಾರೆ. ಅಡುಗೆಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ವಿಚಾರಿಸಿ ಶಾಲೆಯ ಭಾಷೆ ನಿರ್ಧರಿಸುವ ಅಧಿಕಾರ ಯಾವ ಆಫೀಸಿಗೂ ಇಲ್ಲ. ನೀವು ಕನ್ನಡ ಎಂದಿರಿ, ಮುಗಿಯಿತು.

ನೀವು ಅಲ್ಪಸಂಖ್ಯಾತರೇ ಎಂಬ ಪ್ರಶ್ನೆಯೂ ಉಳಿದಿಲ್ಲ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳು ಕೂತು, ಅಲ್ಪಸಂಖ್ಯಾತರು ಯಾರು ಎಂದು ಲೆಕ್ಕ ಹಾಕುವುದು ರಾಜ್ಯವಾರು ಎಂದು ತೀರ್ಮಾನಿಸಿದರು. ತಲಪಾಡಿ ದಾಟಿ ಆಚೆ ಮನೆ ಮಾಡಿದರೆ ನೀವು ಬಹುಸಂಖ್ಯಾತರು, ಈಚೆ ಇದ್ದರೆ ಅಲ್ಪಸಂಖ್ಯಾತರು. 1956ರ ನವೆಂಬರ್ 1ರಂದು ಎಳೆದ ಗೆರೆ ನಮ್ಮನ್ನು ಹೀಗೆ ಮಾಡಿತು. ಆ ಗೆರೆಯ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಅದು ಇರುವವರೆಗೆ ಅದು ಕೊಟ್ಟ ಹಕ್ಕನ್ನು ಬಿಡಬೇಕಾಗಿಲ್ಲ.

ಇನ್ನು ಕಷ್ಟದ ಭಾಗ. ಕೋರ್ಟಿನ ತೀರ್ಪುಗಳಿಂದ ಹುಟ್ಟುವ ಹಕ್ಕುಗಳಲ್ಲಿ ಎರಡು ಜಾತಿ. ಒಂದು, ಸರಕಾರ ಇಂಥದ್ದನ್ನು ಮಾಡಬಾರದು ಎನ್ನುವುದು. ಇನ್ನೊಂದು, ಸರಕಾರ ಇಂಥದ್ದನ್ನು ಮಾಡಲೇಬೇಕು ಎನ್ನುವುದು. ಮೊದಲನೆಯದನ್ನು ಕೊಡುವಾಗ ಕೋರ್ಟಿನ ಕೈ ನಡುಗುವುದಿಲ್ಲ. ಎರಡನೆಯದಕ್ಕೆ ಬಂದಾಗ ಹಣ, ಹುದ್ದೆ, ಆಡಳಿತ ಎಲ್ಲ ಎದುರು ನಿಲ್ಲುತ್ತವೆ, ಭಾಷೆ ಮೆತ್ತಗಾಗುತ್ತದೆ. ನಿಮ್ಮ ಮಗಳಿಗೆ ಬೇಕಾದದ್ದು ಎರಡನೆಯದು.

ಮೊದಲ ಜಾತಿಗೆ ಕೇರಳದ್ದೇ ಹಳೆಯ ಉದಾಹರಣೆ ಇದೆ. ರಾಜ್ಯದ ಮೊದಲ ಸರಕಾರ 1957ರಲ್ಲಿ ಶಿಕ್ಷಣ ಮಸೂದೆ ತಂದಾಗ, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಂಕಿತ ಹಾಕುವ ಮೊದಲು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1958ರ ಮೇ ತಿಂಗಳಲ್ಲಿ ಬಂದ ಉತ್ತರದ ಸಾರ: ಅನುದಾನ ಕೊಡುತ್ತೇವೆ, ಬದಲಿಗೆ ನಿಮ್ಮ ಸಂವಿಧಾನದತ್ತ ಹಕ್ಕನ್ನು ಒಪ್ಪಿಸಿ ಎಂದು ಅಲ್ಪಸಂಖ್ಯಾತರ ಶಾಲೆಗೆ ಹೇಳುವಂತಿಲ್ಲ. 1971ರಲ್ಲಿ ಪಂಜಾಬಿನ ಡಿ.ಎ.ವಿ. ಕಾಲೇಜುಗಳ ಪ್ರಕರಣ ಬಂತು. ಪಂಜಾಬಿಯನ್ನು ಬೆಳೆಸುವುದು ಸರಿ, ಆದರೆ ಅದೊಂದನ್ನೇ ಮಾಧ್ಯಮ ಮಾಡಿ ಅಲ್ಪಸಂಖ್ಯಾತರ ಕಾಲೇಜಿನ ಮೇಲೆ ಹೇರುವುದು ಸರಿಯಲ್ಲ ಎಂದಾಯಿತು. ಅದೇ ಸಂದರ್ಭದಲ್ಲಿ, ಭಾಷಾ ಅಲ್ಪಸಂಖ್ಯಾತರು ಎನಿಸಿಕೊಳ್ಳಲು ಪ್ರತ್ಯೇಕ ಆಡುಮಾತು ಇದ್ದರೆ ಸಾಕು, ಪ್ರತ್ಯೇಕ ಲಿಪಿ ಬೇಕಿಲ್ಲ ಎಂದೂ ಕೋರ್ಟು ಹೇಳಿತು. ತುಳುವರು ಇದನ್ನು ಎಲ್ಲಿಯಾದರೂ ಬರೆದಿಟ್ಟುಕೊಳ್ಳಬಹುದು, ಮುಂದೊಂದು ದಿನ ಬೇಕಾದೀತು.

ಆದರೆ ಈ ಎರಡೂ ತೀರ್ಪುಗಳು ಮುಖ್ಯವಾಗಿ ಅಲ್ಪಸಂಖ್ಯಾತರೇ ಕಟ್ಟಿ ನಡೆಸುವ ಶಾಲೆಗಳದ್ದು, ಸಂವಿಧಾನದ 30ನೇ ವಿಧಿಯದ್ದು. ನಿಮ್ಮದು ಸರಕಾರಿ ಶಾಲೆ. ನಮ್ಮ ಕಡೆಯ ಅನೇಕ ಮನವಿಗಳು ಸೋಲುವುದು ಇಲ್ಲಿಯೇ: 30ನೇ ವಿಧಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಎದುರಿನ ಸರಕಾರಿ ವಕೀಲರು ಒಂದೇ ವಾಕ್ಯದಲ್ಲಿ ಅದನ್ನು ಬದಿಗೆ ಸರಿಸುತ್ತಾರೆ. ನಿಮಗೆ ಬೇಕಾದದ್ದು 350ಎ.

1956ರ ಏಳನೇ ತಿದ್ದುಪಡಿಯಲ್ಲಿ, ಅಂದರೆ ರಾಜ್ಯಗಳ ಗಡಿ ಎಳೆದಾಗಲೇ, ಈ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ, ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಎನ್ನುತ್ತದೆ ಅದು. 'ಪ್ರಯತ್ನಿಸತಕ್ಕದ್ದು' ಎಂಬ ಒಂದು ಪದದಲ್ಲಿ ಎಷ್ಟೋ ಫೈಲುಗಳು ಮಲಗಿವೆ. ಪ್ರಯತ್ನಿಸುತ್ತಿದ್ದೇವೆ ಎಂದರೆ ಯಾರು ಏನು ಹೇಳುವುದು?

ಹೀಗೆ ಮಲಗಿದ ಮಾತನ್ನು ಕೋರ್ಟು ಎಬ್ಬಿಸಿದ ಉದಾಹರಣೆ ಇದೆ. ಹದಿನಾಲ್ಕು ವರ್ಷದವರೆಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಹತ್ತು ವರ್ಷದೊಳಗೆ ಪ್ರಯತ್ನಿಸಬೇಕು ಎಂದು ಸಂವಿಧಾನ 1950ರಲ್ಲಿ ಹೇಳಿತ್ತು. 1960 ಬಂತು, ಹೋಯಿತು. 1992ರಲ್ಲಿ ಕರ್ನಾಟಕದ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಶನ್ ಶುಲ್ಕದ ಮೇಲೆ ಮೋಹಿನಿ ಜೈನ್ ಪ್ರಕರಣ, ಮರುವರ್ಷ ಆಂಧ್ರದಿಂದ ಉನ್ನಿಕೃಷ್ಣನ್ ಪ್ರಕರಣ. ನಾಲ್ಕು ದಶಕ ಕಳೆದ ಮೇಲೆಯೂ ಇದು ಬರೀ ಆಶಯ ಎನ್ನಲಾಗದು, ಹದಿನಾಲ್ಕರವರೆಗಿನ ಶಿಕ್ಷಣ ಬದುಕುವ ಹಕ್ಕಿನ ಭಾಗ ಎಂದು ಕೋರ್ಟು 1993ರಲ್ಲಿ ಸಾರಿತು. ಅದರ ಹಿಂದೆಯೇ ಸಂಸತ್ತು 2002ರಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿ ಸಂವಿಧಾನಕ್ಕೆ 21ಎ ವಿಧಿ ಸೇರಿಸಿತು, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಮಾಡಿತು, 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಕೋರ್ಟು ಒಂದು ಮಾತು ಹೇಳಿದ ದಿನಕ್ಕೂ ಅದು ಶಾಲೆಯ ಬಾಗಿಲಿಗೆ ಬಂದ ದಿನಕ್ಕೂ ನಡುವೆ ಹದಿನೇಳು ವರ್ಷ.

ಆ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ, ಕಲಿಸುವ ಮಾಧ್ಯಮ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕು ಎಂದಿದೆ. ಕಾಯ್ದೆ ಎಂಟನೇ ತರಗತಿವರೆಗಿನದು, ಹಾಗಾಗಿ ಆರನೆಯವಳಾದ ನಿಮ್ಮ ಮಗಳು ಪ್ರಾಥಮಿಕ ಹಂತ ದಾಟಿದವಳು ಎಂಬ ಆಕ್ಷೇಪ ಇಲ್ಲಿ ನಡೆಯದು. ಆ ಕಲಮು ಇರುವುದು ಪಠ್ಯಕ್ರಮ ರೂಪಿಸುವವರನ್ನು ಉದ್ದೇಶಿಸಿ, ನಿಜ. 'ಸಾಧ್ಯವಾದ ಮಟ್ಟಿಗೆ' ಎಂಬ ಬಾಲವೂ ಇದೆ. ನಾನು ನಿಮ್ಮ ವಕೀಲನಾದರೆ ಆ ಬಾಲವನ್ನೇ ಹಿಡಿಯುತ್ತೇನೆ. ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಹಾಕಿ ಕೊಟ್ಟವರು ಯಾರು? ಕೇರಳ ಸರಕಾರ. ಮಗಳನ್ನು ಕನ್ನಡ ಮಾಧ್ಯಮದವಳು ಎಂದು ದಾಖಲಿಸಿಕೊಂಡವರು? ಅದೇ ಸರಕಾರದ ಶಾಲೆ. ಕನ್ನಡ ಮಾಧ್ಯಮದ ಹುದ್ದೆಗೆಂದೇ ಪಿಎಸ್‌ಸಿ (ರಾಜ್ಯದ ಲೋಕಸೇವಾ ಆಯೋಗ) ಬೇರೆ ಅರ್ಜಿ ಕರೆಯುವುದೂ ಉಂಟು. ಪುಸ್ತಕ ಕನ್ನಡದ್ದು, ಹುದ್ದೆ ಕನ್ನಡದ್ದು, ನಡುವೆ ನಿಂತ ಮನುಷ್ಯನಿಗೆ ಮಾತ್ರ ಕನ್ನಡ ಬೇಡ ಎನ್ನುವುದಾದರೆ ಅದಕ್ಕೆ ಅಸಾಧ್ಯತೆ ಎನ್ನುವುದಿಲ್ಲ, ಅಸಡ್ಡೆ ಎನ್ನುತ್ತಾರೆ. ಸಕಾರಣ ಇಲ್ಲದ ಸರಕಾರಿ ನಡೆ 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂಬುದು ಎಲ್ಲ ಹೈಕೋರ್ಟುಗಳಿಗೂ ಪರಿಚಿತವಾದ ವಾದ. 'ಸಾಕಷ್ಟು ಸೌಕರ್ಯ' ಎಂದರೆ ಕಟ್ಟಡ ಮತ್ತು ಪುಸ್ತಕ ಮಾತ್ರವಲ್ಲ, ಆ ಭಾಷೆ ಬಲ್ಲ ಬಾಯಿ ಕೂಡ ಎಂಬುದು ನನ್ನ ಓದು. ಇದು ವಾದ, ಸಿದ್ಧ ತೀರ್ಪಲ್ಲ. ಗೆಲ್ಲಬಹುದಾದ ವಾದ.

ಒಂದು ಎಚ್ಚರಿಕೆ. ಅರ್ಜಿಯಲ್ಲಿ ಮಲಯಾಳದ ವಿರುದ್ಧ ಒಂದಕ್ಷರ ಬರೆಯಬೇಡಿ. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ತಂದಿದೆ. ಮಹಾರಾಷ್ಟ್ರ ಮರಾಠಿಯನ್ನು ಎಲ್ಲ ಶಾಲೆಗಳಲ್ಲೂ ಒಂದು ವಿಷಯವಾಗಿ ಕಲಿಸಬೇಕು ಎಂದಾಗ ಗುಜರಾತಿ ಶಾಲೆಯವರು ಸುಪ್ರೀಂ ಕೋರ್ಟಿಗೆ ಹೋಗಿ 2004ರಲ್ಲಿ ಸೋತರು. ಜತ್ತ, ಅಕ್ಕಲಕೋಟೆಯ ನಮ್ಮವರ ಕನ್ನಡ ಶಾಲೆಗಳಿಗೂ ಅದೇ ಅನ್ವಯ. ರಾಜ್ಯದ ಭಾಷೆಯನ್ನು ಕಲಿಯಿರಿ ಎನ್ನಲು ರಾಜ್ಯಕ್ಕೆ ಅಧಿಕಾರ ಇದೆ. ಗಣಿತವನ್ನು ಆ ಭಾಷೆಯಲ್ಲೇ ಕಲಿಯಿರಿ ಎನ್ನುವುದು ಬೇರೆ ಮಾತು. ಈ ಎರಡನ್ನು ಕಲಸಿದ ಅರ್ಜಿ ನ್ಯಾಯಾಧೀಶರ ಮುಂದೆ ರಾಜಕೀಯ ಭಾಷಣದ ಹಾಗೆ ಕಾಣುತ್ತದೆ. ಅಂದ ಹಾಗೆ, ಮಗಳು ಮಲಯಾಳ ಕಲಿತರೆ ಲಾಭ ಅವಳಿಗೇ. ನಾನು ಕಲಿತದ್ದರಿಂದ ಬದುಕಿದೆ.

ಪತ್ರಿಕೆ ಓದುವಾಗಲೂ ನಾವು ಒಂದು ಕಡೆ ಎಡವುತ್ತೇವೆ. ನಮಗೆ ಬರುವ ಕನ್ನಡ ಪೇಪರು ಹೆಚ್ಚಾಗಿ ಮಂಗಳೂರಿನಿಂದ. ಅದರಲ್ಲಿ 'ಹೈಕೋರ್ಟ್ ಮಹತ್ವದ ತೀರ್ಪು' ಎಂದರೆ ಬೆಂಗಳೂರಿನ ಹೈಕೋರ್ಟು. ಕಾಸರಗೋಡಿನ ಅಧಿಕಾರಿಯನ್ನು ಅದು ಕಟ್ಟುವುದಿಲ್ಲ; ಎರ್ನಾಕುಳಂನಲ್ಲಿ, ಅಂದರೆ ಕೇರಳ ಹೈಕೋರ್ಟಿನಲ್ಲಿ, ಅದನ್ನು ತೋರಿಸಬಹುದು, ಇಷ್ಟವಾದರೆ ಅವರು ಒಪ್ಪಿಯಾರು. ನಮ್ಮನ್ನು ಕಟ್ಟುವುದು ಸುಪ್ರೀಂ ಕೋರ್ಟು ಮತ್ತು ಕೇರಳ ಹೈಕೋರ್ಟು. ತೀರ್ಪಿನ ಸುದ್ದಿ ಓದಿದಾಗ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಕೋರ್ಟು ಬಿಟ್ಟುಕೊಟ್ಟಿತೇ, ಕಟ್ಟಿಹಾಕಿತೇ? 2025ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರ್ ಪುರಸಭೆಯ ಬೋರ್ಡಿನಲ್ಲಿ ಮರಾಠಿಯ ಜೊತೆಗೆ ಉರ್ದು ಇರಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಇಲ್ಲಿ ಕೆಲವರು ಸಂಭ್ರಮಪಟ್ಟು, ಇನ್ನು ಎಲ್ಲ ಪಂಚಾಯತುಗಳೂ ಕನ್ನಡ ಬೋರ್ಡು ಹಾಕಲೇಬೇಕು ಎಂದರು. ಹಾಕಬಾರದು ಎಂದು ಯಾವ ಕಾನೂನೂ ಇಲ್ಲ ಎಂದದ್ದು ಕೋರ್ಟು. ಹಾಕಲೇಬೇಕು ಎಂದದ್ದು ನಮ್ಮ ಆಸೆ.

ಸರಕಾರದ ಕರ್ತವ್ಯವನ್ನು ಕೋರ್ಟು ಯಾರ ತಲೆಗೆ ಕಟ್ಟುತ್ತದೆ ಎಂಬುದರಲ್ಲಿ ಎಲ್ಲವೂ ಇದೆ. 2020ರ ಮಾರ್ಚ್ ಕೊನೆಯನ್ನು ನೆನಪಿಸಿಕೊಳ್ಳಿ. ಲಾಕ್‌ಡೌನಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿತು. ನಮ್ಮ ಡಯಾಲಿಸಿಸ್, ಹೃದಯ, ಹೆರಿಗೆ ಎಲ್ಲವೂ ಮಂಗಳೂರಿನಲ್ಲಿ. ಆಂಬುಲೆನ್ಸುಗಳು ಹಿಂದೆ ಬಂದವು, ಜೀವಗಳು ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಬದುಕುವ ಹಕ್ಕಿಗೂ ಸಂಚಾರ ಸ್ವಾತಂತ್ರ್ಯಕ್ಕೂ ವಿರುದ್ಧ ಎಂದಿತು. ಆದರೆ ಜಾಣತನ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಪಕ್ಕದ ರಾಜ್ಯಕ್ಕೆ ನೇರ ಅಪ್ಪಣೆ ಕೊಡಲು ಹೋಗದೆ, ರಾಷ್ಟ್ರೀಯ ಹೆದ್ದಾರಿ ಯಾರದ್ದು ಎಂದು ನೋಡಿ, ತಡೆ ತೆಗೆಸುವ ಹೊಣೆಯನ್ನು ಕೇಂದ್ರ ಸರಕಾರಕ್ಕೆ ವಹಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಒಂದು ವಾರದೊಳಗೆ ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಯಿತು. ಗಡಿ ತೆರೆಯಿರಿ ಎಂದು ಗಾಳಿಗೆ ಕೂಗಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಹೊಣೆ ಗೊತ್ತಾಗಿ, ಗಡುವೂ ಇದ್ದು, ಆಮೇಲೆ ಬೆನ್ನು ಹತ್ತುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕತೆ ನಿಮಗೆ ಹೇಳಬೇಕಾಗಿಲ್ಲ. ಆ ವಿಷಕ್ಕೆ ಸಿಕ್ಕಿ ನರಳಿದ ಎಣ್ಮಕಜೆ ನಿಮ್ಮ ತಾಲೂಕಿನದ್ದೇ. ಯುವಜನ ಸಂಘಟನೆ ಡಿವೈಎಫ್‌ಐ ಹಾಕಿದ ಅರ್ಜಿಯಲ್ಲಿ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಆ ವಿಷದ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ಅದು 'ಮಾಡಬಾರದು' ಜಾತಿಯ ಆದೇಶ, ಕೂಡಲೇ ನಡೆಯಿತು. 2017ರ ಜನವರಿ 10ರಂದು ಎರಡನೇ ಜಾತಿಯದ್ದು ಬಂತು: ಬಾಧಿತರಿಗೆ ಕೇರಳ ಸರಕಾರ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕು, ಆಜೀವ ಚಿಕಿತ್ಸೆಯ ಬಗ್ಗೆಯೂ ಯೋಚಿಸಬೇಕು. ಇಷ್ಟು ಸ್ಪಷ್ಟ ಆದೇಶ ನಾನು ಹೆಚ್ಚು ನೋಡಿಲ್ಲ. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿಗೆ ಲೆಕ್ಕ ಸಿಕ್ಕಿತು: 3704 ಬಾಧಿತರಲ್ಲಿ ಆ ಹಣ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಯಾರು ಗೊತ್ತೇ? ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು.

ಕೋರ್ಟು ಆ ದಿನ ಸರಕಾರಕ್ಕೆ ಚೆನ್ನಾಗಿ ಹೇಳಿತು, ಆ ಎಂಟು ಮಂದಿಗೆ ಖರ್ಚಿನ ಬಾಬ್ತು 50 ಸಾವಿರ ರೂಪಾಯಿ ಕೊಡಿಸಿತು, ಮುಖ್ಯ ಕಾರ್ಯದರ್ಶಿ ತಿಂಗಳಿಗೊಮ್ಮೆ ಸಭೆ ನಡೆಸಬೇಕೆಂದಿತು. ಮುಂದೆ ಉಸ್ತುವಾರಿಯನ್ನು ಕೇರಳ ಹೈಕೋರ್ಟಿಗೆ ಒಪ್ಪಿಸಿತು. ಹಕ್ಕು 3704 ಮಂದಿಗೂ ಒಂದೇ ದಿನ ಹುಟ್ಟಿತ್ತು. ಬಾಗಿಲು ತಟ್ಟಿದವರ ಕೈಗೆ ಮೊದಲು ಬಂತು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ. ಹಾಸಿಗೆ ಹಿಡಿದ ಮಗುವಿನ ತಾಯಿ ದೆಹಲಿಯವರೆಗೆ ಹೋಗಿ ತಟ್ಟಬೇಕಾದ ಬಾಗಿಲಲ್ಲ ಅದು.

ಇಷ್ಟು ತಿಳಿದ ಮೇಲೆ ನಿಮ್ಮ ಕೆಲಸಕ್ಕೆ ಬರೋಣ. ನಾಳೆಯೇ ವಕೀಲರ ಹತ್ತಿರ ಓಡಬೇಡಿ. ಕರ್ತವ್ಯ ಮಾಡಿ ಎಂದು ಆಜ್ಞಾಪಿಸುವ ರಿಟ್ ಸಿಗಬೇಕಾದರೆ, ಮೊದಲು ನೀವು ಸರಿಯಾದ ಅಧಿಕಾರಿಯನ್ನು ಕೇಳಿರಬೇಕು, ಅವರು ಇಲ್ಲ ಎಂದಿರಬೇಕು ಅಥವಾ ಸುಮ್ಮನಿದ್ದಿರಬೇಕು. ಬಾಯಿಮಾತಿನಲ್ಲಿ ಮನೆಮಾತು ತುಳು ಎಂದದ್ದು ಕೋರ್ಟಿಗೆ ಕೇಳಿಸುವುದಿಲ್ಲ. ಮೊದಲು ಶಾಲೆಯಿಂದ, ಮಗಳು ಕನ್ನಡ ಮಾಧ್ಯಮದಲ್ಲಿ ದಾಖಲಾಗಿದ್ದಾಳೆ ಎಂಬುದಕ್ಕೆ ಬರಹದ ದಾಖಲೆ ಪಡೆಯಿರಿ. ಆಮೇಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಈ ಗಣಿತದ ಹುದ್ದೆ ಯಾವ ಮಾಧ್ಯಮದ್ದು, ಅದಕ್ಕೆ ನಿಗದಿಯಾದ ಭಾಷಾ ಅರ್ಹತೆ ಏನು, ಈಗ ಇರುವವರನ್ನು ಯಾವ ಆದೇಶದ ಮೇಲೆ ನೇಮಿಸಲಾಗಿದೆ. ಉತ್ತರಕ್ಕೆ ಮೂವತ್ತು ದಿನ. ಹುದ್ದೆಯೇ ಕನ್ನಡ ಮಾಧ್ಯಮದ್ದಾಗಿದ್ದರೆ ನಿಮ್ಮ ಕೇಸು ಅರ್ಧ ಗೆದ್ದ ಹಾಗೆ, ಏಕೆಂದರೆ ಆಗ ನೀವು ಹೊಸ ಸೌಲಭ್ಯ ಕೇಳುತ್ತಿಲ್ಲ, ಸರಕಾರ ತನ್ನ ನಿಯಮವನ್ನು ತಾನು ಪಾಲಿಸಲಿ ಎನ್ನುತ್ತಿದ್ದೀರಿ. ಕೋರ್ಟುಗಳಿಗೆ ಇದಕ್ಕಿಂತ ಇಷ್ಟದ ಬೇಡಿಕೆ ಇಲ್ಲ. ಸಾಮಾನ್ಯ ಹುದ್ದೆ ಎಂದು ಬಂದರೆ ದಾರಿ ಉದ್ದ, 350ಎಯ ವಾದವನ್ನೇ ನೆಚ್ಚಬೇಕು.

ಕಾಗದ ಕೈಗೆ ಬಂದ ಮೇಲೆ ಎಇಒಗೂ (ಸಹಾಯಕ ಶಿಕ್ಷಣಾಧಿಕಾರಿ) ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೂ ಮನವಿ, ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನ ಪ್ರಕಾರ ಪಂಚಾಯತಿಗೆ ಲಿಖಿತ ದೂರು. ಆ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ಆಯೋಗಕ್ಕೆ. ಈ ದಾರಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ಒಂದೇ ತರಗತಿಯ ನಾಲ್ಕೈದು ಹೆತ್ತವರು ಬೇರೆ ಬೇರೆ ಸಹಿ ಹಾಕಿದರೆ ಒಳ್ಳೆಯದು. ಅಧ್ಯಾಪಕರ ಮೇಲೆ ವೈಯಕ್ತಿಕ ದ್ವೇಷ ಎಂಬ ಮಾತು ಏಳುವುದಿಲ್ಲ. ಅವರೂ ಪಾಪ, ಕಳಿಸಿದಲ್ಲಿಗೆ ಬಂದವರು.

ಅಲ್ಲಿಗೂ ಆಗದಿದ್ದರೆ ಹೈಕೋರ್ಟು. ವಕೀಲರ ಖರ್ಚಿಗೆ ಹೆದರಬೇಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು ಎಂದು 1987ರ ಕಾಯ್ದೆಯಲ್ಲಿದೆ, ವಿದ್ಯಾನಗರದ ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. ಹೈಕೋರ್ಟಿನಲ್ಲಿ ಮೊದಲು ಸಿಗುವ ಆದೇಶ ಹೆಚ್ಚಾಗಿ ಹೀಗಿರುತ್ತದೆ: ಅರ್ಜಿದಾರರ ಮನವಿಯನ್ನು ಅಧಿಕಾರಿಯು ಇಷ್ಟು ವಾರದೊಳಗೆ, ಅವರ ಮಾತು ಕೇಳಿ, ತೀರ್ಮಾನಿಸತಕ್ಕದ್ದು. ಇದನ್ನು ಗೆಲುವು ಎಂದು ಪಾಯಸ ಮಾಡಿದವರನ್ನು ನಾನು ನೋಡಿದ್ದೇನೆ. ತೀರ್ಮಾನಿಸಿ ಎಂದರೆ ಒಪ್ಪಿ ಎಂದಲ್ಲ. ಅಧಿಕಾರಿ ಕಾರಣ ಬರೆದು ತಿರಸ್ಕರಿಸಬಹುದು. ಆದರೆ ಆಗ ಕಾರಣ ಕಾಗದದ ಮೇಲೆ ಬರುತ್ತದೆ, ಆ ಕಾರಣದ ಮೇಲೆ ಮತ್ತೆ ಹೋಗಬಹುದು. ಗಡುವಿನೊಳಗೆ ಏನೂ ಮಾಡದಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿ. ಅದಕ್ಕೆ ಒಂದು ವರ್ಷದ ಕಾಲಮಿತಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಶಾಲೆಯ ವರ್ಷ ಹತ್ತು ತಿಂಗಳು, ಕೋರ್ಟಿನ ವರ್ಷ ಹಾಗಲ್ಲ. ಹಾಗಾಗಿ ಮಧ್ಯಂತರ ವ್ಯವಸ್ಥೆಯಾಗಿ ಕನ್ನಡ ಬಲ್ಲ ದಿನಗೂಲಿ ಅಧ್ಯಾಪಕರನ್ನು ಹಾಕಿಕೊಡಿ ಎಂಬ ಬೇಡಿಕೆಯನ್ನು ಮೊದಲ ದಿನವೇ ಸೇರಿಸಿ. ನಿಜ ಹೇಳುವುದಾದರೆ ಈ ವರ್ಷ ನಿಮ್ಮ ಮಗಳಿಗೆ ಸಿಗಬಹುದಾದದ್ದು ಅದೇ. ಕಾಯಂ ಪರಿಹಾರ ಅವಳ ಹಿಂದೆ ಬರುವ ಮಕ್ಕಳಿಗೆ ಸಿಕ್ಕೀತು. ಭಿನ್ನರಾಶಿಯನ್ನು ಅಲ್ಲಿಯವರೆಗೆ ಮನೆಯಲ್ಲಿ ಯಾರಾದರೂ ಹೇಳಿಕೊಡಿ.

ಇನ್ನೊಂದು. ಮನವಿಯನ್ನು ಇಂಗ್ಲಿಷಿನಲ್ಲಿ ಬರೆಸಲು ಯಾರನ್ನೂ ಹುಡುಕಬೇಡಿ, ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಇಲಾಖಾ ಮುಖ್ಯಸ್ಥರಿಗೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದು ಎಂದಿದೆ. ಕೊಟ್ಟದ್ದಕ್ಕೆ ಸೀಲು ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಉತ್ತರ ಮಲಯಾಳದಲ್ಲಿ ಬಂದರೆ ಹರಿದು ಬಿಸಾಡಬೇಡಿ, ಲಕೋಟೆ ಸಮೇತ ಫೈಲಿಗೆ ಹಾಕಿ. ಎರ್ನಾಕುಳಂನಲ್ಲಿ ಅದಕ್ಕೂ ಸಾಕ್ಷ್ಯವೆಂದು ಒಂದು ಎಕ್ಸಿಬಿಟ್ ನಂಬರು ಬೀಳುತ್ತದೆ.